ಹಳೆ ವರ್ಷದ ತೆರಿಗೆಗೆ ಈಗ ನೋಟಿಸ್ ಬಂತಾ? ಸಣ್ಣ ವ್ಯಾಪಾರಿಗಳಿಗೆ ಸಮಗ್ರ ಮಾರ್ಗದರ್ಶಿ

2025ರ ಜುಲೈನಲ್ಲಿ ನಮ್ಮ ರಾಜ್ಯದ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ ಹೊಸದೊಂದು ಚೀಟಿ ಕಾಣಿಸತೊಡಗಿತು: 'ಯುಪಿಐ ಇಲ್ಲ, ಕ್ಯಾಶ್ ಮಾತ್ರ'. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತರಿಸಿಕೊಂಡು, 2021-22ರಿಂದ ಈಚೆಗಿನ ವಹಿವಾಟಿಗೆ ಜಿಎಸ್‌ಟಿ ಕೇಳಿ ಸಾವಿರಾರು ಜನರಿಗೆ ನೋಟಿಸ್ ಕಳಿಸಿತ್ತು.

ಆ ದಿನಗಳಲ್ಲೇ ಒಂದು ಸಂಜೆ ನನಗೆ ಪರಿಚಯದ ದಿನಸಿ ಅಂಗಡಿಯವರು ಮನೆಗೆ ಬಂದರು. ಶರ್ಟಿನ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. ಹದಿನೆಂಟು ದಿನದಿಂದ ಅದೇ ಜೇಬಲ್ಲಿತ್ತಂತೆ. ಮಡಿಕೆಯ ಜಾಗದಲ್ಲಿ ಕಾಗದ ಬಿರಿದಿತ್ತು. ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲ. ಉತ್ತರ ಕೊಡಬೇಕಿದ್ದ ದಿನ ಕಳೆದು ಮೂರು ದಿನ ಆಗಿತ್ತು.

ಅವರ ಪಕ್ಕ ಕೂತು ಆ ಉತ್ತರ ಬರೆಯುವಾಗ ಕಲಿತದ್ದನ್ನೆಲ್ಲ ಇಲ್ಲಿ ಹಾಕಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೋಟಿಸ್ ಅಂದರೆ ತೆರಿಗೆ ಅಲ್ಲ, ಅದು ಪ್ರಶ್ನೆ. ಉತ್ತರ ಕೊಡದೆ ಸುಮ್ನೆ ಕೂತರೆ ಅದು ತೆರಿಗೆಯಾಗಿಬಿಡುತ್ತದೆ.

ಮೊದಲು: ಇದು ಯಾವ ಬಗೆಯ 'ಹಿಂದಿನ ತೆರಿಗೆ'?

ಹಳೆ ವರ್ಷದ ತೆರಿಗೆ ಎಂದು ಬರುವುದೆಲ್ಲ ಒಂದೇ ಅಲ್ಲ. ಮೂರು ಬಗೆ ಇದೆ. ಯಾವುದು ನಿಮ್ಮದು ಎಂದು ಗೊತ್ತಾಗದೆ ವಾದ ಶುರು ಮಾಡಬೇಡಿ.

ಒಂದನೆಯದು, ಹೊಸ ಕಾನೂನನ್ನೇ ಹಿಂದಿನ ದಿನಗಳಿಗೂ ಹಾಕುವುದು. ವೊಡಾಫೋನ್ ಪ್ರಕರಣ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಕೇಂದ್ರ ಸರ್ಕಾರ ಆದಾಯ ತೆರಿಗೆ ಕಾನೂನನ್ನು 1962ರಿಂದಲೇ ಜಾರಿಗೆ ಬರುವಂತೆ ತಿದ್ದಿತು. ಕಂಪನಿ ಅಂತಾರಾಷ್ಟ್ರೀಯ ಪಂಚಾಯ್ತಿಗೆ ಹೋಗಿ 2020ರಲ್ಲಿ ಗೆದ್ದಿತು. ಕೊನೆಗೆ 2021ರ ಆಗಸ್ಟ್‌ನಲ್ಲಿ ಸರ್ಕಾರವೇ ಆ ಬೇಡಿಕೆಗಳನ್ನು ಕೈಬಿಡುವ ಕಾನೂನು ತಂದಿತು. ಹೀಗೆ ಹಿಂದಕ್ಕೆ ಹೋಗಿ ಕಾನೂನು ಮಾಡುವ ಅಧಿಕಾರ ಶಾಸನಸಭೆಗೆ ಇದೆ, ಅದನ್ನು ಒಪ್ಪಲೇಬೇಕು. ಆದರೆ ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದಿರದಿದ್ದರೆ ಅದು ಮುಂದಿನ ದಿನಗಳಿಗೆ ಮಾತ್ರ ಎಂದು 2014ರಲ್ಲಿ ವಾಟಿಕಾ ಟೌನ್‌ಶಿಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಇನ್ನೊಂದು: ಮಾಡಿದ ದಿನ ಅಪರಾಧವಾಗಿರದ ಕೆಲಸಕ್ಕೆ ಆಮೇಲೆ ಬಂದ ಕಾನೂನಿನಡಿ ಯಾರನ್ನೂ ಅಪರಾಧಿ ಎಂದು ಶಿಕ್ಷಿಸುವಂತಿಲ್ಲ. ಸಂವಿಧಾನದ 20ನೇ ವಿಧಿ ಅದಕ್ಕೇ ಇದೆ.

ಎರಡನೆಯದು, ಕಾನೂನು ಅದೇ, ಅರ್ಥ ಬದಲಾಯಿತು. ಇಡೀ ಉದ್ಯಮ ವರ್ಷಗಟ್ಟಲೆ ಒಂದು ರೀತಿ ತೆರಿಗೆ ಕಟ್ಟುತ್ತಿರುತ್ತದೆ, ಇಲಾಖೆಯೂ ಸುಮ್ಮನಿರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ 'ಇಷ್ಟು ದಿನ ನೀವು ಕಟ್ಟಿದ್ದು ಕಮ್ಮಿ' ಎಂದು ನೋಟಿಸ್ ಬರುತ್ತದೆ. ಇಂಥ ಕಡೆ ಹಳೆಯದನ್ನು ಬಿಟ್ಟುಕೊಡಲೆಂದೇ ಕೇಂದ್ರ ಜಿಎಸ್‌ಟಿ ಕಾಯ್ದೆಗೆ 2024ರಲ್ಲಿ 11ಎ ಕಲಂ ಸೇರಿಸಿದ್ದಾರೆ. ಆದರೆ ಅದು ಒಬ್ಬ ವ್ಯಾಪಾರಿ ಕೇಳಿ ಪಡೆಯುವ ರಿಯಾಯಿತಿ ಅಲ್ಲ. ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಬೇಕು, ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಸಂಘಗಳು ಕೇಳಬೇಕಾದ್ದು ಇದನ್ನೇ.

ಮೂರನೆಯದು ನಮ್ಮಲ್ಲಿ ಜಾಸ್ತಿ ಜನರಿಗೆ ಬಂದಿರುವುದು. ಕಾನೂನು ಹಳೆಯದು, ವ್ಯಾಪಾರವೂ ಹಳೆಯದು. ನೋಟಿಸ್ ಮಾತ್ರ ತಡವಾಗಿ ಬಂದಿದೆ. ಇಲ್ಲಿ ನೇರವಾಗಿ ಹೇಳಬೇಕು. 'ಹಿಂದಿನದಕ್ಕೆಲ್ಲ ಈಗ ಕೇಳೋ ಹಾಗಿಲ್ಲ' ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ವಹಿವಾಟು ಇಷ್ಟು ದಾಟಿದರೆ ನೋಂದಣಿ ಮಾಡಿಸಬೇಕು ಎಂಬ ಮಿತಿ ಆಗಲೂ ಇತ್ತು. ಇಲ್ಲಿ ಗೆಲ್ಲುವುದು ಬೇರೆ ನಾಲ್ಕು ಮಾತುಗಳಿಂದ: ಗಡುವು ಮೀರಿದೆಯಾ, ಲೆಕ್ಕ ಸರಿಯಿದೆಯಾ, ದರ ಸರಿಯಿದೆಯಾ, ನಿಮ್ಮ ಮಾತು ಕೇಳಿದ್ದಾರಾ. ಇಲ್ಲಿಂದ ಮುಂದೆ ಬರೆದಿರುವುದು ಇದರ ಬಗ್ಗೆಯೇ.

ಕೈಯಲ್ಲಿರುವ ಕಾಗದ ಯಾವುದು ನೋಡಿ

ಬಂದದ್ದು ಅಸಲಿಯೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಇಲಾಖೆಯ ಪತ್ರಕ್ಕೆ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ. ಅದನ್ನು ಸರ್ಕಾರದ ಪೋರ್ಟಲ್‌ನಲ್ಲೇ ಪರಿಶೀಲಿಸಬಹುದು. ಇಂಥ ಸಮಯ ನೋಡಿಕೊಂಡೇ ಮೋಸಗಾರರು ವಾಟ್ಸ್‌ಆ್ಯಪ್‌ನಲ್ಲಿ ನಕಲಿ ನೋಟಿಸ್ ಹರಿಬಿಡುತ್ತಾರೆ. 'ಇಷ್ಟು ಕೊಡಿ, ಸೆಟಲ್ ಮಾಡಿಸ್ತೀನಿ' ಎನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ತೆರಿಗೆ ಕಟ್ಟುವುದಿದ್ದರೆ ಪೋರ್ಟಲ್‌ನ ಚಲನ್ ಮೂಲಕ ಮಾತ್ರ.

ಆಮೇಲೆ ಮೇಲ್ತುದಿಯಲ್ಲಿರುವ ನಮೂನೆಯ ಹೆಸರು ನೋಡಿ. ಡಿಆರ್‌ಸಿ-01ಎ ಎಂದಿದ್ದರೆ ಅದು ನೋಟಿಸ್‌ಗೂ ಮುಂಚಿನ ಸೂಚನೆ. ಡಿಆರ್‌ಸಿ-01 ಎಂದಿದ್ದರೆ ಕಾರಣ ಕೇಳುವ ನೋಟಿಸ್. ಅದಕ್ಕೆ ಉತ್ತರ ಡಿಆರ್‌ಸಿ-06ರಲ್ಲಿ. ನೋಂದಣಿ ಇಲ್ಲದವರ ತೆರಿಗೆ ನಿಗದಿ ಮಾಡಲು ಕೊಡುವ ನೋಟಿಸ್ ಎಎಸ್‌ಎಂಟಿ-14. ಡಿಆರ್‌ಸಿ-07 ಅಥವಾ ಎಎಸ್‌ಎಂಟಿ-15 ಎಂದಿದ್ದರೆ ಮಾತು ಬೇರೆ. ಆದೇಶ ಆಗಿಹೋಗಿದೆ, ಉತ್ತರದ ಕಾಲ ಮುಗಿದಿದೆ, ನೀವು ಹೋಗಬೇಕಾದ್ದು ಮೇಲ್ಮನವಿಗೆ.

ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಮೂರು ವಿಷಯ ಬರೆದಿಡಿ: ಕೈಗೆ ಬಂದ ದಿನ, ಉತ್ತರದ ಕೊನೆ ದಿನ, ಯಾವ ಕಲಂ ಅಡಿ ಕೇಳಿದ್ದಾರೆ. ಅಂಚೆ ಲಕೋಟೆ ಬಿಸಾಡಬೇಡಿ. ಅದರ ಮೇಲಿನ ಮುದ್ರೆಯೇ ನಿಮ್ಮ ಸಾಕ್ಷಿ.

ಕೊನೆ ದಿನ ಹತ್ತಿರ ಬಂದಿದ್ದರೆ, ಅಥವಾ ಆ ಅಂಗಡಿಯವರ ಹಾಗೆ ದಾಟಿಯೇ ಹೋಗಿದ್ದರೆ, ಮೊದಲ ಕೆಲಸ ಸಮಯ ಕೇಳುವುದು. ನಾವು ಆ ರಾತ್ರಿಯೇ ನಾಲ್ಕು ಸಾಲಿನ ಪತ್ರ ಬರೆದೆವು. 'ನಾಲ್ಕು ವರ್ಷದ ಬ್ಯಾಂಕ್ ವಿವರ ಒಟ್ಟುಮಾಡುತ್ತಿದ್ದೇನೆ, 15 ದಿನ ಕೊಡಿ, ನೀವು ಆಧಾರ ಮಾಡಿಕೊಂಡ ಯುಪಿಐ ವಿವರದ ಪ್ರತಿಯನ್ನೂ ಕೊಡಿ, ನನ್ನ ಮಾತನ್ನು ಖುದ್ದಾಗಿ ಕೇಳಿ' ಎಂದು. ಬೆಳಿಗ್ಗೆ ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದರು. ಸಮಯ ಸಿಕ್ಕಿತು.

ಗಡುವು ಮೀರಿದೆಯೇ?

ಸರ್ಕಾರ ಎಷ್ಟು ಹಿಂದಕ್ಕೆ ಹೋಗಬಹುದು ಎನ್ನುವುದಕ್ಕೆ ಮಿತಿ ಇದೆ. ಲೆಕ್ಕ ಶುರುವಾಗುವುದು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ. ಸಾಮಾನ್ಯವಾಗಿ ಅದು ಆರ್ಥಿಕ ವರ್ಷ ಮುಗಿದ ಮೇಲಿನ ಡಿಸೆಂಬರ್ 31.

ಮೋಸದ ಆರೋಪ ಇಲ್ಲದಿದ್ದರೆ 73ನೇ ಕಲಂ. ಮೂರು ವರ್ಷದೊಳಗೆ ಆದೇಶ ಆಗಬೇಕು, ಅದಕ್ಕೂ ಕನಿಷ್ಠ ಮೂರು ತಿಂಗಳು ಮೊದಲು ನೋಟಿಸ್ ಬರಬೇಕು. 2021-22ರ ವರ್ಷಕ್ಕೆ ಹಾಕಿ ನೋಡಿ. ರಿಟರ್ನ್ ಗಡುವು 2022ರ ಡಿಸೆಂಬರ್ 31. ಹಾಗಾಗಿ ನೋಟಿಸ್ 2025ರ ಸೆಪ್ಟೆಂಬರ್ 30ರೊಳಗೆ, ಆದೇಶ 2025ರ ಡಿಸೆಂಬರ್ 31ರೊಳಗೆ. 2022-23ಕ್ಕೆ ಎಲ್ಲಕ್ಕೂ ಒಂದು ವರ್ಷ ಸೇರಿಸಿ.

ಮೋಸ, ಬೇಕಂತಲೇ ಮುಚ್ಚಿಟ್ಟದ್ದು ಎಂದು ಆರೋಪ ಇದ್ದರೆ 74ನೇ ಕಲಂ. ಆಗ ಐದು ವರ್ಷ. ಇಲ್ಲಿ ಎಚ್ಚರ ಬೇಕು. ಮೂರು ವರ್ಷ ಮುಗಿದಿದೆ ಎಂಬ ಕಾರಣಕ್ಕೇ 74 ಹಾಕಿದ್ದಾರಾ ನೋಡಿ. ಏನು ಮುಚ್ಚಿಟ್ಟಿರಿ, ಹೇಗೆ ಮೋಸ ಮಾಡಿದಿರಿ ಎಂದು ನೋಟಿಸ್‌ನಲ್ಲೇ ವಿವರ ಇರಬೇಕು. ಬರೀ ಕಲಂ ಸಂಖ್ಯೆ ಬರೆದರೆ ಸಾಲದು. ಬ್ಯಾಂಕ್ ಖಾತೆಗೆ, ಎಲ್ಲರಿಗೂ ಕಾಣುವ ಕ್ಯೂಆರ್ ಕೋಡ್‌ಗೆ ಬಂದ ಹಣವನ್ನು ಮುಚ್ಚಿಟ್ಟದ್ದು ಎಂದು ಹೇಗೆ ಹೇಳುತ್ತೀರಿ ಎಂದು ಉತ್ತರದಲ್ಲಿ ಕೇಳಬಹುದು, ಕೇಳಬೇಕು.

ನೋಂದಣಿಯೇ ಇಲ್ಲದವರಿಗೆ 63ನೇ ಕಲಂ ಬಳಸಬಹುದು. ಅದಕ್ಕೂ ಐದು ವರ್ಷ ಕಾಲಾವಕಾಶ. 'ಮೂರು ವರ್ಷ ಆಯ್ತು, ಇನ್ನು ಭಯ ಇಲ್ಲ' ಎಂದು ಯಾರೋ ಹೇಳಿದ್ದನ್ನು ನಂಬಿ ಕೂರಬೇಡಿ ಎನ್ನುವುದು ಇದಕ್ಕೇ. 2024-25ರಿಂದ ಈಚೆಗೆ 73, 74ರ ಬದಲು 74ಎ ಎಂಬ ಹೊಸ ಕಲಂ. ಅದರಲ್ಲಿ ನೋಟಿಸ್‌ಗೆ 42 ತಿಂಗಳು.

ಯುಪಿಐ ಮೊತ್ತ ಎಂದರೆ ವ್ಯಾಪಾರ ಅಲ್ಲ

ಇದು ಎಲ್ಲಕ್ಕಿಂತ ಮುಖ್ಯ ಭಾಗ. ಇದಕ್ಕೆ ಎರಡು ಮೂರು ಸಂಜೆ ಮೀಸಲಿಡಿ.

ನಿಮ್ಮ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ವರ್ಷವಾರು ತೆಗೆಸಿ. ಯುಪಿಐ ಆ್ಯಪ್‌ನ ವಿವರವನ್ನೂ ತೆಗೆಯಿರಿ. ಪ್ರಿಂಟ್ ಮಾಡಿಸಿ. ನಾವು ನಾಲ್ಕು ಬಣ್ಣದ ಸ್ಕೆಚ್ ಪೆನ್ ತಗೊಂಡು ಕೂತೆವು. ಮನೆಯವರ ಹಣಕ್ಕೆ ಹಸಿರು, ಚೀಟಿಗೆ ನೀಲಿ, ತಮ್ಮದೇ ಖಾತೆಯಿಂದ ಖಾತೆಗೆ ಹಾಕಿಕೊಂಡದ್ದಕ್ಕೆ ಹಳದಿ, ವ್ಯಾಪಾರವಲ್ಲದ ಉಳಿದ ಹಣಕ್ಕೆ ಕಿತ್ತಳೆ. ಬಣ್ಣ ಹಚ್ಚದ ಸಾಲು ಮಾತ್ರ ವ್ಯಾಪಾರ.

ಮೊದಲ ಪುಟದಲ್ಲೇ 'ಇದೇನು 15,000?' ಎಂದೆ. ಊರಲ್ಲಿ ತಮ್ಮ ಅಡಿಕೆ ಮಾರಿ ಅಮ್ಮನ ಆಸ್ಪತ್ರೆ ಖರ್ಚಿಗೆ ಕಳಿಸಿದ್ದು. ಮೂರನೇ ಪುಟದಲ್ಲಿ ಒಂದೇ ದಿನ ಹನ್ನೊಂದು ಜನರಿಂದ ತಲಾ 2,000. ಅಕ್ಕನ ಮಗಳ ಮದುವೆಗೆ ಮುಯ್ಯಿ, ಅಂಗಡಿ ಕ್ಯೂಆರ್‌ಗೇ ಬಂದಿತ್ತು. ಇನ್ನೊಂದು ವಿಷಯ ನನಗೂ ಹೊಳೆದಿರಲಿಲ್ಲ. ಎಟಿಎಂ ದೂರ ಇರುವ ಬೀದಿ ಅದು. ಜನ 500 ಸ್ಕ್ಯಾನ್ ಮಾಡಿ, ಇವರ ಗಲ್ಲದಿಂದ 500 ನೋಟು ಇಸ್ಕೊಂಡು ಹೋಗುತ್ತಿದ್ದರು. ಒಂದು ಬಿಸ್ಕತ್ತೂ ಮಾರಿಲ್ಲ, ಲೆಕ್ಕದಲ್ಲಿ ಮಾತ್ರ 500 ವ್ಯಾಪಾರ!

ಲೆಕ್ಕ ಹೇಗೆ ಕಾಣಬೇಕು ಎಂದು ತೋರಿಸಲು ಒಂದು ಮಾದರಿ ವರ್ಷ ತಗೊಳ್ಳಿ. ಯುಪಿಐ ಒಟ್ಟು 52,40,000 ರೂಪಾಯಿ. ಮನೆಯವರಿಂದ, ನೆಂಟರಿಂದ ಬಂದದ್ದು 7,10,000. ಚೀಟಿ ಹಣ 3,00,000. ಸ್ವಂತ ಖಾತೆಗಳ ನಡುವೆ ಓಡಾಡಿದ್ದು 4,50,000. ನೋಟು ಕೊಟ್ಟು ಹಾಕಿಸಿಕೊಂಡದ್ದು 2,60,000. ಇವನ್ನು ಕಳೆದರೆ ಉಳಿಯುವುದು 35,20,000. ಇಲ್ಲಿಗೇ ನಿಲ್ಲಿಸಬೇಡಿ. ನಗದು ವ್ಯಾಪಾರವನ್ನೂ ಸೇರಿಸಬೇಕು. ಅದು 3,10,000 ಎಂದರೆ ಒಟ್ಟು 38,30,000. ಬರೀ ಸರಕು ಮಾರುವವರಿಗೆ ನೋಂದಣಿಯ ಮಿತಿ 40 ಲಕ್ಷ. ಆ ವರ್ಷಕ್ಕೆ ನೋಂದಣಿಯೇ ಬೇಕಿರಲಿಲ್ಲ.

ನಗದು ಮುಚ್ಚಿಟ್ಟು ಲೆಕ್ಕ ಕೊಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ನೀವು ಸಗಟು ಅಂಗಡಿಯಿಂದ ತಂದ ಮಾಲಿನ ಬಿಲ್ಲು ಇಲಾಖೆಗೆ ಸಿಗುತ್ತದೆ. 50 ಲಕ್ಷದ ಮಾಲು ತಂದು 38 ಲಕ್ಷಕ್ಕೆ ಮಾರಿದೆ ಎಂದರೆ ನಿಮ್ಮ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಬಣ್ಣ ಹಚ್ಚಿದ ಪ್ರತಿ ಗುಂಪಿಗೂ ಒಂದು ಸಾಕ್ಷಿ ಜೋಡಿಸಿ. ಚೀಟಿಗೆ ಚೀಟಿ ಪುಸ್ತಕ. ತಮ್ಮನ ಹಣಕ್ಕೆ ಅವನ ಖಾತೆಯ ಸ್ಟೇಟ್‌ಮೆಂಟ್, ಒಂದು ಸಹಿ ಮಾಡಿದ ಪತ್ರ. ಮುಯ್ಯಿಗೆ ಲಗ್ನಪತ್ರಿಕೆ. ಹೌದು, ಲಗ್ನಪತ್ರಿಕೆಯನ್ನೂ ಲಗತ್ತಿಸಿದೆವು. ಪುರಾವೆ ಇಲ್ಲದ ಸಾಲುಗಳನ್ನು ಪಟ್ಟಿಯಲ್ಲಿ ಬೇರೆ ಇಟ್ಟು, ಗೊತ್ತಿರುವಷ್ಟು ವಿವರಣೆ ಬರೆಯಿರಿ.

40 ಲಕ್ಷವೋ, 20 ಲಕ್ಷವೋ?

ಇಲ್ಲಿ ತುಂಬ ಜನ ಎಡವುತ್ತಾರೆ. 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ. ಸೇವೆ ಇದ್ದರೆ 20 ಲಕ್ಷ. ಬೇಕರಿಯ ಮೂಲೆಯಲ್ಲಿ ಟೀ, ಕಾಫಿ, ತಿಂಡಿ ಕೊಡುವುದು ಹೋಟೆಲ್ ಸೇವೆ ಎನಿಸುತ್ತದೆ. ಇನ್ನೊಂದು ಯಾರೂ ಹೇಳದ ವಿಷಯ: ಐಸ್‌ಕ್ರೀಂ, ಪಾನ್ ಮಸಾಲ, ಬೀಡಿ, ಸಿಗರೇಟು ಮುಂತಾದ ತಂಬಾಕು ಪದಾರ್ಥ ಮಾರುವವರಿಗೆ 40 ಲಕ್ಷದ ರಿಯಾಯಿತಿ ಸಿಗುವುದಿಲ್ಲ. ಅವರಿಗೂ 20 ಲಕ್ಷವೇ. ಕಾಂಡಿಮೆಂಟ್ಸ್ ಅಂಗಡಿಯವರು ಇದನ್ನು ನೋಡಿಕೊಂಡೇ ಉತ್ತರ ಬರೆಯಬೇಕು.

ತರಕಾರಿ, ಹಣ್ಣು, ಹಾಲು ಇತ್ಯಾದಿ ತೆರಿಗೆ ಇಲ್ಲದ ಮಾಲನ್ನು ಮಾತ್ರ ಮಾರುವವರಿಗೆ ವಹಿವಾಟು ಎಷ್ಟೇ ಆದರೂ ನೋಂದಣಿ ಬೇಡ. ಆದರೆ ಹಾಲಿನ ಜೊತೆ ಬಿಸ್ಕತ್ತು, ಸೋಪು ಕೂಡ ಮಾರಿದರೆ, ಮಿತಿ ಲೆಕ್ಕ ಹಾಕುವಾಗ ಹಾಲಿನ ವ್ಯಾಪಾರವೂ ಸೇರುತ್ತದೆ. ತೆರಿಗೆ ಮಾತ್ರ ಬಿಸ್ಕತ್ತು, ಸೋಪಿಗೆ.

ದರವನ್ನು ಕಣ್ಣುಮುಚ್ಚಿ ಒಪ್ಪಬೇಡಿ

ಆ ಜುಲೈನಲ್ಲಿ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ ಸುಮಾರು 29 ಲಕ್ಷ ಕೇಳಿದ ಸುದ್ದಿ ಎಲ್ಲ ಕಡೆ ಬಂತು. 1.63 ಕೋಟಿಗೆ ಶೇ 18 ಹಾಕಿ ನೋಡಿ. ಹೆಚ್ಚುಕಮ್ಮಿ ಅದೇ ಮೊತ್ತ ಬರುತ್ತದೆ. ತಾಜಾ ತರಕಾರಿಗೆ ದರ ಸೊನ್ನೆ! ನಿಮ್ಮ ನೋಟಿಸ್‌ನಲ್ಲೂ ಒಟ್ಟು ಮೊತ್ತಕ್ಕೆ ಒಂದೇ ದರ ಎಳೆದಿದ್ದಾರಾ ಎಂದು ಮೊದಲು ಗುಣಿಸಿ ನೋಡಿ.

ಮಾಲುವಾರು ಬೇರ್ಪಡಿಸಿ. ಬಿಲ್ ಇಲ್ಲದೆ ಮಾರಿದ್ದರೆ ಖರೀದಿ ಬಿಲ್ಲುಗಳೇ ಆಧಾರ. ವರ್ಷದಲ್ಲಿ ತಂದ ಮಾಲಿನಲ್ಲಿ ಎಷ್ಟು ಪಾಲು ಸೊನ್ನೆ ದರದ್ದು, ಎಷ್ಟು ಶೇ 5ರದ್ದು ಎಂದು ತೋರಿಸಿ, ಮಾರಾಟವನ್ನೂ ಅದೇ ಪಾಲಿನಲ್ಲಿ ಹಂಚಿ.

ಮಾರಿದ ದಿನ ಯಾವ ದರ ಇತ್ತೋ ಅದೇ ದರ. ಪ್ಯಾಕೆಟ್ ಮೊಸರಿಗೆ ಶೇ 5 ಬಂದದ್ದು 2022ರ ಜುಲೈ 18ಕ್ಕೆ. ಅದಕ್ಕೂ ಮೊದಲು ಮಾರಿದ ಮೊಸರಿಗೆ ತೆರಿಗೆ ಕೇಳಿದ್ದರೆ ತಪ್ಪು. ಇದು ಎರಡೂ ಕಡೆ ಕುಯ್ಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಎಷ್ಟೋ ವಸ್ತುಗಳ ದರ ಇಳಿಯಿತು, ಆದರೆ ಆ ಕಡಿಮೆ ದರವನ್ನು ಹಳೆ ವರ್ಷಕ್ಕೆ ಕೇಳಲಾಗದು.

ಇನ್ನೆರಡು ಅಂಶ. ಮಿತಿ ದಾಟಿದ ಮೇಲೆ ಹೊಣೆ ಶುರುವಾಗುತ್ತದೆ, ಹಾಗಾಗಿ ಮಿತಿ ದಾಟಿದ ವರ್ಷದ ಏಪ್ರಿಲ್ 1ರಿಂದಲೇ ತೆರಿಗೆ ಹಾಕಿದ್ದರೆ ಪ್ರಶ್ನಿಸಿ. ಎರಡನೆಯದು, ನೀವು ಗ್ರಾಹಕರಿಂದ ತೆರಿಗೆ ಬೇರೆಯಾಗಿ ವಸೂಲಿ ಮಾಡಿರಲಿಲ್ಲ. ಪಡೆದ ಬೆಲೆಯಲ್ಲೇ ತೆರಿಗೆ ಸೇರಿದೆ ಎಂದು ಲೆಕ್ಕ ಹಾಕಲು ಜಿಎಸ್‌ಟಿ ನಿಯಮ 35 ಅವಕಾಶ ಕೊಡುತ್ತದೆ. 1,18,000 ರೂಪಾಯಿಗೆ ನೇರವಾಗಿ ಶೇ 18 ಹಾಕಿದರೆ 21,240. ಒಳಗೇ ಸೇರಿದೆ ಎಂದು ತೆಗೆದರೆ 18,000. ನಾಲ್ಕು ವರ್ಷಕ್ಕೆ ಈ ಅಂತರ ದೊಡ್ಡದಾಗುತ್ತದೆ. ಕೇಳದೆ ಯಾರೂ ಕೊಡುವುದಿಲ್ಲ.

ಉತ್ತರ ಬರೆಯುವ ಬಗೆ

ಗೋಗರೆಯಬೇಡಿ, ಜಗಳವೂ ಬೇಡ. 'ಬಡವ, ಕಾನೂನು ಗೊತ್ತಿಲ್ಲ, ದಯವಿಟ್ಟು ಬಿಟ್ಟುಬಿಡಿ' ಎಂದು ಮಾತ್ರ ಬರೆದರೆ ಅದು ತಪ್ಪೊಪ್ಪಿಗೆಯ ಹಾಗೆ ಓದಿಸಿಕೊಳ್ಳುತ್ತದೆ. ಕನ್ನಡದಲ್ಲೇ ಬರೆಯಿರಿ. ರಾಜ್ಯದ ಆಡಳಿತ ಭಾಷೆ ಕನ್ನಡ. ನಮ್ಮ ಉತ್ತರದ ನಡು ಭಾಗ ಸುಮಾರು ಹೀಗಿತ್ತು:

'ತಮ್ಮ ನೋಟಿಸ್‌ನಲ್ಲಿ ಯುಪಿಐ ಮೂಲಕ ಬಂದ ಪೂರ್ತಿ ಮೊತ್ತವನ್ನು ನನ್ನ ವ್ಯಾಪಾರ ಎಂದು ತೆಗೆದುಕೊಳ್ಳಲಾಗಿದೆ. ಇದನ್ನು ನಾನು ಒಪ್ಪುವುದಿಲ್ಲ. ವರ್ಷವಾರು ವಿವರ ಅನುಬಂಧ 1ರಲ್ಲಿದೆ. ವ್ಯಾಪಾರಕ್ಕೆ ಸಂಬಂಧಿಸದ ಜಮೆಗಳು ಅನುಬಂಧ 2ರಲ್ಲಿ, ಅವುಗಳ ಪುರಾವೆ ಅನುಬಂಧ 3ರಲ್ಲಿ ಇವೆ. ಮೇಲಿನದಕ್ಕೆ ಧಕ್ಕೆಯಾಗದಂತೆ, ಒಂದು ವೇಳೆ ತೆರಿಗೆ ಬಾಕಿ ಇದೆ ಎಂದು ತೀರ್ಮಾನವಾದರೂ ಮಾಲುವಾರು ದರ ಮತ್ತು ನಿಯಮ 35ರಂತೆ ಲೆಕ್ಕ ಹಾಕಬೇಕು. ನನ್ನ ವಿರುದ್ಧ ಆದೇಶ ಮಾಡುವ ಮೊದಲು ಖುದ್ದು ವಿಚಾರಣೆಗೆ ಅವಕಾಶ ಕೊಡಬೇಕು.'

'ಮೇಲಿನದಕ್ಕೆ ಧಕ್ಕೆಯಾಗದಂತೆ' ಎಂಬ ಮಾತನ್ನು ಬಿಡಬೇಡಿ. ಅದಿದ್ದರೆ ದರದ ಬಗ್ಗೆ ವಾದ ಮಾಡಿದ್ದೇ ತೆರಿಗೆ ಒಪ್ಪಿಕೊಂಡ ಹಾಗೆ ಆಗುವುದಿಲ್ಲ. ಗಡುವಿನ ತಕರಾರು ಇದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಬರೆಯಿರಿ. ಪುಟಗಳಿಗೆ ಸಂಖ್ಯೆ ಹಾಕಿ. ಸ್ವೀಕೃತಿ ತಗೊಳ್ಳಿ. ಪೋರ್ಟಲ್‌ನಲ್ಲಿ ಹಾಕಿದರೆ ಸ್ವೀಕೃತಿ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ವಿಚಾರಣೆಗೆ ತಪ್ಪಿಸಬೇಡಿ. ನೀವು ಬರವಣಿಗೆಯಲ್ಲಿ ಕೇಳಿದ್ದರೆ, ಅಥವಾ ನಿಮ್ಮ ವಿರುದ್ಧ ತೀರ್ಮಾನ ಆಗುವಂತಿದ್ದರೆ, 75(4)ನೇ ಕಲಂ ಪ್ರಕಾರ ನಿಮ್ಮ ಮಾತು ಕೇಳಲೇಬೇಕು. ಸಕಾರಣ ಇದ್ದರೆ ಮೂರು ಸಲದವರೆಗೆ ಮುಂದೂಡಿಸಿಕೊಳ್ಳಬಹುದು. ಹೇಳಿದ್ದನ್ನೆಲ್ಲ ಅಂದೇ ಒಂದು ಪುಟದಲ್ಲಿ ಬರೆದು ಕೊಟ್ಟು ಬನ್ನಿ. ಬಾಯಲ್ಲಿ ಹೇಳಿದ್ದು ಕಡತಕ್ಕೆ ಹೋಗುವುದಿಲ್ಲ.

ಆದೇಶ ನಿಮ್ಮ ವಿರುದ್ಧ ಬಂದರೆ

ಆದೇಶದ ಮೊತ್ತ ನೋಟಿಸ್‌ನಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ಇರುವಂತಿಲ್ಲ, ನೋಟಿಸ್‌ನಲ್ಲಿ ಇಲ್ಲದ ಕಾರಣ ಹೇಳುವಂತಿಲ್ಲ. ಮೊದಲು ಇದನ್ನು ಹೋಲಿಸಿ ನೋಡಿ.

ಮೇಲ್ಮನವಿಗೆ ಆದೇಶ ತಲುಪಿದ ದಿನದಿಂದ ಮೂರು ತಿಂಗಳು. ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು. ಅದರಾಚೆ ಮೇಲ್ಮನವಿ ಅಧಿಕಾರಿಗೂ ಬಾಗಿಲು ತೆರೆಯುವ ಅಧಿಕಾರ ಇಲ್ಲ. ನಮೂನೆ ಎಪಿಎಲ್-01. ತಕರಾರಿನಲ್ಲಿರುವ ತೆರಿಗೆಯ ಶೇ 10ನ್ನು ಮೊದಲೇ ಕಟ್ಟಬೇಕು, ಕಟ್ಟಿದರೆ ಉಳಿದ ಮೊತ್ತದ ವಸೂಲಿ ತಾನಾಗಿಯೇ ನಿಲ್ಲುತ್ತದೆ. ಅಲ್ಲೂ ಸೋತರೆ ಜಿಎಸ್‌ಟಿ ಮೇಲ್ಮನವಿ ನ್ಯಾಯಮಂಡಳಿ ಇದೆ, ಅಲ್ಲಿ ಇನ್ನೊಂದು ಶೇ 10.

ಹೈಕೋರ್ಟಿಗೆ ನೇರವಾಗಿ ರಿಟ್ ಹಾಕುವುದು ಎಲ್ಲರಿಗೂ ಅಲ್ಲ. ನೋಟಿಸೇ ತಲುಪಿಲ್ಲ, ಮಾತೇ ಕೇಳಿಲ್ಲ, ಗಡುವು ಸ್ಪಷ್ಟವಾಗಿ ಮೀರಿದೆ, ಅಧಿಕಾರವೇ ಇಲ್ಲದೆ ಆದೇಶ ಮಾಡಿದ್ದಾರೆ ಎಂಬಂಥ ಕಡೆ ಅದು ಕೆಲಸಕ್ಕೆ ಬರುತ್ತದೆ. ಕಾನೂನಿನ ಅಧಿಕಾರ ಇಲ್ಲದೆ ತೆರಿಗೆ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ ಎನ್ನುವ ಸಂವಿಧಾನದ 265ನೇ ವಿಧಿಯೇ ಅಲ್ಲಿ ಆಧಾರ. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಪೀಠ ಇದೆ. ಬರೀ ಲೆಕ್ಕದ ತಕರಾರಿಗೆ ಹೋದರೆ 'ಮೇಲ್ಮನವಿಗೆ ಹೋಗಿ' ಎಂದು ವಾಪಸ್ ಕಳಿಸುವ ಸಾಧ್ಯತೆ ಜಾಸ್ತಿ, ಅಷ್ಟರಲ್ಲಿ ಮೂರು ತಿಂಗಳೂ ಕಳೆದಿರುತ್ತದೆ. ಈ ಹಂತಕ್ಕೆ ಬಂದಾಗ ಲೆಕ್ಕಪರಿಶೋಧಕರು, ವಕೀಲರು ಇಲ್ಲದೆ ಹೋಗಬೇಡಿ.

ನಿಜಕ್ಕೂ ಬಾಕಿ ಇದೆ ಎಂದು ಕಂಡರೆ

ಇದೂ ಆಗುತ್ತದೆ. ಬಣ್ಣ ಹಚ್ಚಿ ಮುಗಿಸಿದ ಮೇಲೂ ಒಂದು ವರ್ಷ ಮಿತಿ ದಾಟಿಯೇ ಇರಬಹುದು. ಆ ವರ್ಷವನ್ನು ಒಪ್ಪಿ, ಉಳಿದವಕ್ಕೆ ಹೋರಾಡಿ. 73ನೇ ಕಲಂ ನೋಟಿಸ್ ಆಗಿದ್ದರೆ 30 ದಿನದೊಳಗೆ ತೆರಿಗೆ ಮತ್ತು ಬಡ್ಡಿ ಕಟ್ಟಿದರೆ ದಂಡ ಇಲ್ಲ. 74ಎ ಅಡಿ, ಮೋಸದ ಆರೋಪ ಇಲ್ಲದಿದ್ದರೆ, ಆ ಅವಧಿ 60 ದಿನ. ಸ್ವಂತವಾಗಿ ಕಟ್ಟುವ ನಮೂನೆ ಡಿಆರ್‌ಸಿ-03. ಬಡ್ಡಿ ವರ್ಷಕ್ಕೆ ಶೇ 18, ಹಾಗಾಗಿ ಒಪ್ಪಿದ ಮೇಲೆ ತಡ ಮಾಡಬೇಡಿ. ಒಟ್ಟಿಗೆ ಕಟ್ಟಲಾಗದಿದ್ದರೆ ಡಿಆರ್‌ಸಿ-20ರಲ್ಲಿ ಅರ್ಜಿ ಹಾಕಿ ಗರಿಷ್ಠ 24 ತಿಂಗಳ ಕಂತು ಕೇಳಬಹುದು.

ದೊಡ್ಡವರೂ ಇದನ್ನೇ ಕೇಳಿ ಪಡೆದಿದ್ದಾರೆ. ಗಣಿ ಭೂಮಿಯ ತೆರಿಗೆ ಪ್ರಕರಣದಲ್ಲಿ 2005ರ ಏಪ್ರಿಲ್ 1ರಿಂದ ವಸೂಲಿ ಮಾಡಬಹುದು ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಂಪನಿಗಳು ಸೋತವು. ಆದರೂ 2024ರ ಜುಲೈ 25ಕ್ಕಿಂತ ಹಿಂದಿನ ಬೇಡಿಕೆಗಳ ಮೇಲೆ ಬಡ್ಡಿ, ದಂಡ ಇಲ್ಲ ಎಂದಾಯಿತು, ಕಟ್ಟಲು 12 ವರ್ಷದ ಕಂತು ಸಿಕ್ಕಿತು. ತೆರಿಗೆ ಒಂದು ವಾದ, ಬಡ್ಡಿ ಮತ್ತು ದಂಡ ಬೇರೆಯೇ ವಾದ. ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಸಂಘಟನೆ, ಭರವಸೆ, ಮತ್ತು ಕಾಗದ

2025ರ ಜುಲೈನಲ್ಲಿ ವ್ಯಾಪಾರಿಗಳು ಒಟ್ಟಾಗಿ ನಿಂತಿದ್ದಕ್ಕೆ ಫಲ ಸಿಕ್ಕಿತು. 25ಕ್ಕೆ ಬಂದ್ ಕರೆ ಕೊಟ್ಟಿದ್ದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದರು. ನೋಂದಣಿ ಮಾಡಿಸಿಕೊಂಡರೆ ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಒಬ್ಬೊಬ್ಬರೇ ಹೋಗಿದ್ದರೆ ಇದು ಆಗುತ್ತಿರಲಿಲ್ಲ, ಅಲ್ವಾ?

ಆದರೆ ಸಭೆಯಲ್ಲಿ ಹೇಳಿದ ಮಾತು ನಿಮ್ಮ ಹೆಸರಿನ ಕಡತವನ್ನು ಮುಚ್ಚುವುದಿಲ್ಲ. ಟಿವಿಯಲ್ಲಿ ಸುದ್ದಿ ನೋಡಿ ಉತ್ತರ ಬರೆಯುವುದನ್ನು ಬಿಟ್ಟವರನ್ನು ಕಂಡಿದ್ದೇನೆ. ನಿಮ್ಮ ನೋಟಿಸ್ ಸಂಖ್ಯೆ ಹಾಕಿ, ಪ್ರಕ್ರಿಯೆ ಕೈಬಿಟ್ಟಿದ್ದೇವೆ ಎಂದು ಬರೆದ ಆದೇಶ ಕೈಗೆ ಬರುವವರೆಗೆ ಕೇಳುತ್ತಲೇ ಇರಿ. ಸಂಘದಿಂದ ಒಂದೇ ಮಾದರಿ ಉತ್ತರ ಹಂಚಿದ್ದರೆ ಅದನ್ನು ಬಳಸಿ, ಆದರೆ ಅನುಬಂಧದ ಲೆಕ್ಕ ನಿಮ್ಮದೇ ಇರಲಿ.

ಯುಪಿಐ ತೆಗೆದು ನಗದಿಗೆ ಹೋಗುವುದರಿಂದ ಹಳೆ ನೋಟಿಸ್‌ಗೆ ಏನೂ ಆಗುವುದಿಲ್ಲ. ನಗದೂ ವ್ಯಾಪಾರವೇ. ಅದರ ಬದಲು, ಮಿತಿ ಹತ್ತಿರ ಬಂದಿದ್ದರೆ ನೋಂದಣಿ ಮಾಡಿಸಿ, ವಹಿವಾಟಿನ ಮೇಲೆ ಸಣ್ಣ ನಿಗದಿತ ದರ ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಗೆ ಹೋಗಿ. ಸರಕು ಮಾರುವವರಿಗೆ 1.5 ಕೋಟಿವರೆಗೆ ಶೇ 1, ಹೋಟೆಲ್‌ಗೆ ಶೇ 5. ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಸಾಕು. ಗ್ರಾಹಕರಿಂದ ತೆರಿಗೆ ಬೇರೆ ವಸೂಲಿ ಮಾಡುವ ಹಾಗಿಲ್ಲ, ಬೇರೆ ರಾಜ್ಯಕ್ಕೆ ಮಾರುವ ಹಾಗಿಲ್ಲ. ನೆನಪಿರಲಿ, ಈ ಪದ್ಧತಿ ಹಳೆ ವರ್ಷಗಳಿಗೆ ಸಿಗುವುದಿಲ್ಲ.

ನಮ್ಮ ಅಂಗಡಿಯವರು ಈಗ ಎರಡು ಖಾತೆ ಇಟ್ಟಿದ್ದಾರೆ. ಅಂಗಡಿಯ ಕ್ಯೂಆರ್ ಗಲ್ಲದ ಮೇಲೆ. ಮನೆಯದ್ದು ಫೋನಿನ ಒಳಗೆ. ತಮ್ಮ ಅಡಿಕೆ ದುಡ್ಡು ಕಳಿಸುವಾಗ 'ಯಾವುದಕ್ಕೆ ಹಾಕ್ಲಿ?' ಎಂದು ಫೋನ್ ಮಾಡಿ ಕೇಳುತ್ತಾನಂತೆ. ನೋಟು ಬೇಕು ಎಂದು 500 ಸ್ಕ್ಯಾನ್ ಮಾಡಲು ಬಂದವರಿಗೆ ಇಲ್ಲ ಎನ್ನಲು ಇವರಿಗೆ ಇನ್ನೂ ಮನಸ್ಸು ಬರುವುದಿಲ್ಲ. ಆದರೆ ಕೊಟ್ಟ ಕೂಡಲೇ ಚಿಕ್ಕ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡುತ್ತಾರೆ.